ತಾಳಮದ್ದಳೆಯ ಪೆನ್‌ಡ್ರೈವಿಗೆ ಎಷ್ಟು ಬೆಲೆಯ ಸ್ಟ್ರೀಮರ್ ಬೇಕು?

ಪ್ರಶ್ನೆ: ನಾನು ಕಟಪಾಡಿಯವನು, ಬ್ಯಾಂಕಿನಿಂದ ನಿವೃತ್ತ. ಮುರಕಲ್ಲಿನ ಹಳೇ ಮನೆ. ಅಪ್ಪ ಮತ್ತು ನಾನು ಕೂಡಿಹಾಕಿದ ಸುಮಾರು 400 ಯಕ್ಷಗಾನ, ತಾಳಮದ್ದಳೆ ಕ್ಯಾಸೆಟ್‌ಗಳನ್ನು ಎಂಪಿ3 ಮಾಡಿಸಿ ಪೆನ್‌ಡ್ರೈವಿಗೆ ಹಾಕಿಸಿದ್ದೇನೆ. ಹಳೇ ಸ್ಟೀರಿಯೋ ಆಂಪ್ಲಿಫೈಯರ್, ಎರಡು ಸ್ಪೀಕರ್ ಇವೆ. ಪಕ್ಕದಲ್ಲೇ ಸ್ಮಾರ್ಟ್ ಟಿವಿ. ಈಗ ಫೋನಿನಿಂದ ಬ್ಲೂಟೂತ್‌ನಲ್ಲಿ ಕೇಳುತ್ತೇನೆ. ಭಾಗವತರು ಏರು ಪದ ಹಿಡಿದಾಗಲೇ ಯಾರದ್ದಾದರೂ ಕಾಲ್ ಬರುತ್ತದೆ. ವೈರ್ ಹಾಕಿದರೆ, ಫೋನ್ ಚಾರ್ಜಿಗಿಟ್ಟಾಗ ಗುಂಯ್ ಅನ್ನುತ್ತದೆ. ಹೆಂಡತಿಗೆ ಯೂಟ್ಯೂಬಿನ ಭಜನೆ, ದಾಸರ ಪದ, ಬೆಳಗ್ಗೆ ಆಕಾಶವಾಣಿ ಬೇಕು. ಅಂಗಡಿಯವರು 35 ಸಾವಿರದ ಸ್ಟ್ರೀಮರ್ ತೋರಿಸಿ, ಇದಕ್ಕಿಂತ ಕಡಿಮೆಯದ್ದಾದರೆ ಸೌಂಡ್ ತೆಳ್ಳಗಾಗುತ್ತದೆ ಎಂದರು. ಇಂಜಿನಿಯರಿಂಗ್ ಓದುವ ತಂಗಿಯ ಮಗ ರಾಸ್ಪ್‌ಬೆರ್ರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ತಂದು ಜೋಡಿಸಿಕೊಟ್ಟ. ಅದರಲ್ಲಿ ಸಣ್ಣಗೆ ಸುಂಯ್ ಶಬ್ದ. ಎರಡು ಸಲ ಕರೆಂಟ್ ಹೋದ ಮೇಲೆ ಅದು ಏಳಲೇ ಇಲ್ಲ. 8 ಸಾವಿರದೊಳಗೆ ಏನಾದರೂ ದಾರಿ ಉಂಟಾ?

ಉತ್ತರ: ರಾಯರೇ, ನಿಮ್ಮ ಪ್ರಶ್ನೆಗಳು ನಾಲ್ಕೈದು ಇದ್ದ ಹಾಗೆ ಕಂಡರೂ ಒಳಗಿರುವ ಅಂಜಿಕೆ ಒಂದೇ. ಕಡಿಮೆ ದುಡ್ಡಿನದ್ದು ತಂದು ಅಪ್ಪನ ಕಾಲದ ದನಿಗಳನ್ನು ಹಾಳು ಮಾಡ್ತೇನಾ ಅಂತ. ಅದನ್ನೇ ಮೊದಲು ಬಿಡಿಸೋಣ.

ಸ್ಟ್ರೀಮರ್ ಮಾಡುವುದು ಎರಡು ಕೆಲಸ. ನೆಟ್‌ನಿಂದಲೋ ಪೆನ್‌ಡ್ರೈವಿನಿಂದಲೋ ಹಾಡಿನ ಅಂಕಿಗಳನ್ನು ತರುವುದು ಒಂದು. ಆ ಅಂಕಿಗಳನ್ನು ಆಂಪ್‌ಗೆ ಅರ್ಥವಾಗುವ ವಿದ್ಯುತ್ತಿನ ಅಲೆ ಮಾಡುವುದು ಇನ್ನೊಂದು. ಎರಡನೆಯದನ್ನು ಮಾಡುವ ಚಿಪ್‌ಗೆ ಡ್ಯಾಕ್ ಅನ್ನುತ್ತಾರೆ. ಮೊದಲನೇ ಕೆಲಸದಲ್ಲಿ ಸೌಂಡಿನ ರುಚಿ ಬದಲಾಗುವುದೇ ಇಲ್ಲ. ನೀವು ಬ್ಯಾಂಕಿನವರು, ನಿಮಗೆ ಇದು ಬೇಗ ಹಿಡಿಯುತ್ತದೆ. ಪಿಗ್ಮಿ ಏಜೆಂಟ್ ಸೈಕಲ್‌ನಲ್ಲಿ ತಂದರೂ ಕಾರಿನಲ್ಲಿ ತಂದರೂ ಪಾಸ್‌ಬುಕ್ಕಿಗೆ ಬೀಳುವ ಮೊತ್ತ ಒಂದೇ, ಅಲ್ವಾ? ನೆಟ್‌ನಲ್ಲಿ ಒಂದು ತುಣುಕು ದಾರಿಯಲ್ಲಿ ಕಳೆದುಹೋದರೆ ಯಂತ್ರ ಅದನ್ನು ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ತೀರಾ ಕೆಟ್ಟರೆ ಹಾಡು ತುಂಡಾಗುತ್ತದೆ, ನಿಲ್ಲುತ್ತದೆ. ತೆಳ್ಳಗಾಗುವುದಿಲ್ಲ. ದುಬಾರಿ ನೆಟ್‌ವರ್ಕ್ ಕೇಬಲ್, 'ಆಡಿಯೋಗೆಂದೇ ಮಾಡಿದ' ಮೆಮೊರಿ ಕಾರ್ಡ್ ಇವೆಲ್ಲ ಈ ಕಾರಣಕ್ಕೇ ಸುಮ್ನೆ ಖರ್ಚು.

ಡ್ಯಾಕ್‌ನಲ್ಲಿ ಒಳ್ಳೆಯದು ಕೆಟ್ಟದ್ದು ಎರಡೂ ಇವೆ. ಆದರೆ ಈಗ ಒಳ್ಳೆಯ ಡ್ಯಾಕ್ ಅಗ್ಗದಲ್ಲೇ ಸಿಗುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ5102ಎ ಎಂಬ ಚಿಪ್ ಇದೆ. ಅದನ್ನು ಕೂರಿಸಿದ ಪುಟ್ಟ ಬೋರ್ಡ್ 500 ರೂಪಾಯಿಯ ಆಸುಪಾಸಿನಲ್ಲಿ ಬರುತ್ತದೆ. ಕಾಗದದ ಮೇಲೆ ಅದರ ಸಿಗ್ನಲ್‌ಗೂ ಸ್ವಂತ ಗಲಾಟೆಗೂ ನಡುವಿನ ಅಂತರ 112 ಡೆಸಿಬಲ್. ಸೀಡಿಗೆ ಬೇಕಾದದ್ದು ಸುಮಾರು 96. ಮಾಮೂಲಿ ಕ್ಯಾಸೆಟ್ ಕೊಡುವುದು 50ರಿಂದ 60. ಅಂದರೆ ನಿಮ್ಮ ಕ್ಯಾಸೆಟ್ಟಿನಲ್ಲೇ ಇರುವ ಸೊಯ್ ಶಬ್ದ ಈ ಚಿಪ್‌ನ ಶಬ್ದಕ್ಕಿಂತ ನೂರಾರು ಪಟ್ಟು ಜಾಸ್ತಿ. ನಿಮ್ಮ ತಾಳಮದ್ದಳೆಗೆ 24 ಬಿಟ್, 192 ಕಿಲೋಹರ್ಟ್ಸ್ ಅಂತ ಪೆಟ್ಟಿಗೆಯ ಮೇಲೆ ಬರೆದದ್ದಕ್ಕೆ ದುಡ್ಡು ಕೊಟ್ಟರೆ, ಅರ್ಥಧಾರಿಯ ಗಂಟಲಿನಿಂದ ಇನ್ನೊಂದು ಅಕ್ಷರವೂ ಹೆಚ್ಚಿಗೆ ಬರುವುದಿಲ್ಲ.

ಹಾಗಾದರೆ ಅಂಗಡಿಯವರು ಹೇಳಿದ ವ್ಯತ್ಯಾಸ ಸುಳ್ಳಾ? ಸುಳ್ಳಲ್ಲ. ಕಿವಿಗೆ ನಿಜವಾಗಿಯೂ ಕೇಳುತ್ತದೆ. ಕಾರಣ ಬೇರೆ. ಸ್ಟ್ರೀಮರ್‌ಗಳ ಔಟ್‌ಪುಟ್ ಸಾಮಾನ್ಯವಾಗಿ 2 ವೋಲ್ಟ್. ಫೋನಿನದ್ದು 1 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ. ಆಂಪ್‌ನ ಗುಂಡಿ ಮುಟ್ಟದೆ ಒಂದರಿಂದ ಇನ್ನೊಂದಕ್ಕೆ ಬದಲಿಸಿದರೆ ಸ್ಟ್ರೀಮರ್ 6 ಡೆಸಿಬಲ್ ಜೋರಾಗಿ ಕೇಳುತ್ತದೆ. ಜೋರಾದದ್ದು ನಮ್ಮ ಕಿವಿಗೆ 'ದಪ್ಪ'ವಾಗಿ, 'ತುಂಬಿ' ಕೇಳುತ್ತದೆ. ನನ್ನ ರಿಪೇರಿ ಬೆಂಚಿನ ಮೇಲೂ ನಾನು ಎಷ್ಟೋ ಸಲ ಹೀಗೆ ಮೋಸಹೋಗಿದ್ದೇನೆ. ಈಗ ಮೊದಲು ಎರಡರ ಜೋರನ್ನು ಸರಿಸಮ ಮಾಡುತ್ತೇನೆ, ಆಮೇಲೆ ಬೇರೆಯವರ ಹತ್ತಿರ ಬದಲಾಯಿಸಲು ಹೇಳಿ ಗೋಡೆ ಕಡೆ ಮುಖ ಮಾಡಿ ಕೂರುತ್ತೇನೆ. ಹೀಗೆ ಕೂತರೆ ಬಹಳಷ್ಟು ಭ್ರಮೆ ಅಲ್ಲಿಗೇ ಇಳಿಯುತ್ತದೆ.

35 ಸಾವಿರದ್ದು ಕೆಟ್ಟದ್ದು ಅಂತಲ್ಲ. ಚಂದದ ಸ್ಕ್ರೀನ್, ಒಳ್ಳೆಯ ಆ್ಯಪ್, ರಿಮೋಟ್, ಕೋಣೆಗೆ ತಕ್ಕಂತೆ ಸೌಂಡ್ ಹೊಂದಿಸುವ ಸೌಲಭ್ಯ, ವಾರಂಟಿ ಎಲ್ಲ ಸಿಗುತ್ತವೆ. ಅವು ಬೇಕಿದ್ದರೆ ದುಡ್ಡು ಕೊಡಬಹುದು. ದನಿ ಹಾಳಾಗುತ್ತದೆ ಎಂಬ ಹೆದರಿಕೆಗೆ ಕೊಡಬೇಡಿ.

ಇನ್ನು ತಂಗಿಯ ಮಗನ ಪೈ. ಆ ಹುಡುಗನ ತಪ್ಪು ಒಂದೇ. ಪೈ 4ರ ಮೈಮೇಲೇ ಇರುವ ಹೆಡ್‌ಫೋನ್ ತೂತಿಗೆ ವೈರ್ ಚುಚ್ಚಿದ್ದಾನೆ. ಆ ತೂತಿನ ಹಿಂದೆ ಸರಿಯಾದ ಡ್ಯಾಕ್ ಇಲ್ಲ. ವೇಗವಾಗಿ ಆನ್-ಆಫ್ ಆಗುವ ಮಿಡಿತಗಳನ್ನು ಸೋಸಿ ಸೌಂಡ್ ಅಂತ ಕಳಿಸುತ್ತದೆ, ಅಷ್ಟೆ. ನಿಮ್ಮ ಸುಂಯ್ ಅಲ್ಲಿಂದ ಬಂದದ್ದು. ಪೈ 5ರಲ್ಲಿ ಆ ತೂತನ್ನೇ ತೆಗೆದಿದ್ದಾರೆ. ಪೈಯಲ್ಲಿ ಸ್ಟ್ರೀಮರ್ ಮಾಡುವುದಾದರೆ ಡ್ಯಾಕ್ ಬೇರೆಯೇ ಹಾಕಬೇಕು. ಹುಡುಗನಿಗೆ ಬೈಯಬೇಡಿ. ಎಲ್ಲರೂ ಮೊದಲ ಸಲ ಮಾಡುವುದು ಅದನ್ನೇ.

ಅವನಿಗೆ ಸೋಲ್ಡರಿಂಗ್ ಬರುತ್ತದೆ ಅಂದರೆ ಆ 500 ರೂಪಾಯಿಯ ನೇರಳೆ ಬಣ್ಣದ ಬೋರ್ಡ್ ತರಿಸಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಹತ್ತಿರ 'ಬೋರ್ಡ್ ಸತ್ತಿದೆ' ಅಂತ ಬರುವವುಗಳಲ್ಲಿ ಬಹಳಷ್ಟು ಸತ್ತಿರುವುದಿಲ್ಲ. ಬೋರ್ಡಿನ ಹಿಂದುಗಡೆ 1ರಿಂದ 4ರ ತನಕ ನಂಬರ್ ಇರುವ ನಾಲ್ಕು ಪುಟ್ಟ ಜಂಪರ್‌ಗಳಿವೆ, ಅಂದರೆ ಸೀಸದಿಂದ ಈ ಕಡೆಗೋ ಆ ಕಡೆಗೋ ಕೂಡಿಸುವ ಚುಕ್ಕೆಗಳು. ಎಳ್ಳಿನಷ್ಟು ಸೀಸ ಹಾಕಿ 1, 2, 4ನ್ನು ಎಲ್ ಎಂದಿರುವ ಕಡೆಗೆ, 3ನ್ನು ಎಚ್ ಎಂದಿರುವ ಕಡೆಗೆ ಕೂಡಿಸಬೇಕು. ಕೆಲವು ಬೋರ್ಡ್‌ಗಳಲ್ಲಿ ಇದು ಮಾಡಿಯೇ ಬರುತ್ತದೆ, ಕೆಲವುದರಲ್ಲಿ ಇಲ್ಲ. ಮೂರನೆಯದು ತಪ್ಪಿದರೆ ಬೋರ್ಡ್ ಬಾಯಿ ಮುಚ್ಚಿಕೊಂಡೇ ಇರುತ್ತದೆ. ಮುಂದುಗಡೆ ಎಸ್‌ಸಿಕೆ ಎಂಬ ಜಾಗವನ್ನು ಗ್ರೌಂಡ್‌ಗೆ ಕೂಡಿಸಬೇಕು. ಅದನ್ನು ಬಿಟ್ಟರೆ ಸೌಂಡ್ ಬರುವುದಿಲ್ಲ, ಇಲ್ಲವೇ ಹಾಡಿನ ಬದಲು ಗೊರಗೊರ ಬರುತ್ತದೆ. ಪೈಯ 40 ಪಿನ್‌ಗಳಲ್ಲಿ 12, 35, 40ನೆಯವು ಬೋರ್ಡಿನಲ್ಲಿ ಬಿಸಿಕೆ, ಎಲ್ಆರ್‌ಸಿಕೆ, ಡಿಐಎನ್ ಎಂದು ಬರೆದ ಜಾಗಗಳಿಗೆ ಕ್ರಮವಾಗಿ ಹೋಗುತ್ತವೆ. ಮತ್ತೆ 5 ವೋಲ್ಟ್, ಗ್ರೌಂಡ್. ಒಟ್ಟು ಐದು ವೈರ್. ಸಾಫ್ಟ್‌ವೇರ್‌ನ ಪಟ್ಟಿಯಲ್ಲಿ 'ಹೈಫೈಬೆರ್ರಿ ಡ್ಯಾಕ್' ಎಂದು ಆರಿಸಿದರೆ ಸಾಕು, ಅದರೊಳಗಿನ ಚಿಪ್ ಇದೇ ಜಾತಿಯದ್ದು. ಸೋಲ್ಡರಿಂಗ್ ಬೇಡವಾದರೆ ಯುಎಸ್‌ಬಿಗೆ ಚುಚ್ಚುವ ಸಣ್ಣ ಡ್ಯಾಕ್ ಸಾಕು. ಪೈಯನ್ನು ಓಡಿಸುವ ಲಿನಕ್ಸ್‌ನಲ್ಲಿ ಅವಕ್ಕೆ ಹೆಚ್ಚಾಗಿ ಬೇರೆ ಡ್ರೈವರ್ ಬೇಕಾಗುವುದಿಲ್ಲ.

ಕರೆಂಟ್ ಹೋದ ಮೇಲೆ ಏಳದೆ ಇರುವುದು ಇನ್ನೊಂದು ಕಥೆ. ಪೈಯ ಇಡೀ ವ್ಯವಸ್ಥೆ ಮೆಮೊರಿ ಕಾರ್ಡಿನಲ್ಲಿರುತ್ತದೆ. ಕಾರ್ಡಿಗೆ ಏನೋ ಬರೆಯುತ್ತಿರುವಾಗ ಕರೆಂಟ್ ಹೋದರೆ ಬರವಣಿಗೆ ಅರ್ಧದಲ್ಲಿ ನಿಂತು ಕಡತ ಕೆಡುತ್ತದೆ. ನಮ್ಮ ಜಿಲ್ಲೆಗಳಲ್ಲಿ ಮಳೆಗಾಲದಲ್ಲಿ ಇದು ದಿನದ ಪಾಡು. ಒಂದು ಮರದ ಕೊಂಬೆ ಬಿದ್ದರೆ ಸಾಕು. ಹಾಗಾಗಿ ನಾನು ಇಲ್ಲಿಯವರಿಗೆ ಹಾಕಿಕೊಡುವುದು ಪೈಕೋರ್‌ಪ್ಲೇಯರ್ ಎಂಬ ಉಚಿತ ಸಾಫ್ಟ್‌ವೇರ್. ಅದು ಶುರುವಾಗುವಾಗ ತನ್ನನ್ನು ಪೂರ್ತಿ ರ‍್ಯಾಮ್‌ಗೆ ಎತ್ತಿಕೊಂಡು ಅಲ್ಲಿಂದಲೇ ಓಡುತ್ತದೆ. ಕಾರ್ಡಿಗೆ ಬರೆಯುವುದು ಬಹಳ ಕಡಿಮೆ. ನೋಡಲು ಒರಟು, ಮೊದಲ ಸಲ ಹೊಂದಿಸುವಾಗ ತಲೆ ತಿನ್ನುತ್ತದೆ. ಮೂಡ್ ಆಡಿಯೋ, ವಾಲ್ಯೂಮಿಯೋ ಎಂಬೆರಡು ಇದಕ್ಕಿಂತ ಚಂದ, ಸುಲಭ. ಆದರೆ ಅವನ್ನು ಸರಿಯಾಗಿ ಶಟ್‌ಡೌನ್ ಮಾಡುವ ಅಭ್ಯಾಸ ಬೇಕು, ಇಲ್ಲವೇ ಇನ್ವರ್ಟರ್ ಲೈನಿನಲ್ಲಿಡಬೇಕು. ಇನ್ವರ್ಟರ್ ಹಳೇ ಸ್ಕ್ವೇರ್‌ವೇವ್ ಜಾತಿಯದ್ದಾದರೆ ಕರೆಂಟ್ ಹೋದಾಗ ಆಂಪ್ ಗುರ್ ಅನ್ನಬಹುದು. ಅದು ಸ್ಟ್ರೀಮರ್‌ನ ದೋಷವಲ್ಲ. ಫ್ಯಾನ್ ಕೂಡ ಗುರ್ ಅನ್ನುತ್ತಿರುತ್ತದೆ, ಗಮನಿಸಿ ನೋಡಿ.

ಪವರ್ ಅಡಾಪ್ಟರ್ ಬಗ್ಗೆಯೂ ಒಂದು ಮಾತು. ಪೈ 4ಕ್ಕೆ ಅದರದ್ದೇ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಹಾಕಿ. ಹಳೇ ಫೋನ್ ಚಾರ್ಜರ್, ಉದ್ದದ ತೆಳು ಕೇಬಲ್ ಹಾಕಿದರೆ ವೋಲ್ಟೇಜ್ ಬಿದ್ದು ಪೈ ತಾನಾಗಿಯೇ ಮತ್ತೆ ಮತ್ತೆ ಶುರುವಾಗುತ್ತದೆ. ಸ್ಕ್ರೀನ್ ಜೋಡಿಸಿದ್ದರೆ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಕಾಣಿಸುತ್ತದೆ. ಸಾವಿರಗಟ್ಟಲೆ ರೂಪಾಯಿಯ 'ಲೀನಿಯರ್' ಪವರ್ ಸಪ್ಲೈ ಬೇಕಾಗಿಲ್ಲ.

ಈಗ ನಿಮ್ಮ ಗುಂಯ್. ಚಾರ್ಜಿಗೆ ಹಾಕಿದಾಗ ಬಂದು, ತೆಗೆದಾಗ ನಿಲ್ಲುವುದಾದರೆ ಅದು ಚಾರ್ಜರ್‌ನಿಂದ ಬರುವ ಸೋರಿಕೆ ಕರೆಂಟ್ ಫೋನಿನ ವೈರ್ ಮೂಲಕ ಆಂಪ್‌ಗೆ ಹೋಗುವುದರಿಂದ ಆಗುವುದು. ಟಿವಿಗೆ ಕೇಬಲ್‌ನವರ ವೈರ್ ಇದ್ದು, ಆ ಟಿವಿಯನ್ನು ಆಂಪ್‌ಗೆ ಜೋಡಿಸಿದರೂ ಇಂಥದ್ದೇ ಗುಂಯ್ ಬರಬಹುದು. ಪತ್ತೆ ಹಚ್ಚುವುದು ಸುಲಭ. ಒಂದೊಂದೇ ವೈರ್ ಕಳಚುತ್ತಾ ಬನ್ನಿ. ಯಾವುದನ್ನು ಕಳಚಿದಾಗ ನಿಂತಿತೋ ಅದೇ ಕಳ್ಳ. ಒಂದು ಮಾತ್ರ ಮಾಡಬೇಡಿ. ಕೆಲವು ಎಲೆಕ್ಟ್ರಿಷಿಯನ್‌ಗಳು ಆಂಪ್‌ನ ಮೂರು ಪಿನ್ ಪ್ಲಗ್ಗಿನಲ್ಲಿ ಅರ್ತ್ ಪಿನ್ ಮುರಿದು 'ಗುಂಯ್ ಹೋಯ್ತು ನೋಡಿ' ಅನ್ನುತ್ತಾರೆ. ಹೋಗುತ್ತದೆ, ನಿಜ. ಆದರೆ ಒಳಗೆ ಏನಾದರೂ ಶಾರ್ಟ್ ಆದ ದಿನ ಆಂಪ್‌ನ ಲೋಹದ ಮೈಯೇ ಶಾಕ್ ಹೊಡೆಯುತ್ತದೆ. ಮಳೆಗಾಲದ ಒದ್ದೆ ನೆಲ, ಬರಿಗಾಲು. ಮಾರಾಯ್ರೆ, ಅದು ಬೇಡವೇ ಬೇಡ.

ಸೌಂಡು, ಗಲಾಟೆ, ಕರೆಂಟು ಮೂರೂ ಆಯಿತು. ಯಾವುದು ಕೊಳ್ಳುವುದು ಅನ್ನುವುದು ಇವು ಯಾವುದರ ಮೇಲೂ ನಿಂತಿಲ್ಲ. ನೀವಿಬ್ಬರು ಏನು ಕೇಳುತ್ತೀರಿ, ಗುಂಡಿ ಒತ್ತುವವರು ಯಾರು ಎಂಬುದರ ಮೇಲೆ ನಿಂತಿದೆ. ಎಡವುವವರೆಲ್ಲ ಇಲ್ಲೇ ಎಡವುವುದು.

8-10 ಸಾವಿರದ ಮಟ್ಟದಲ್ಲಿ ಎಲ್ಲರೂ ಹೇಳುವ ಹೆಸರು ವಿಮ್ ಮಿನಿ. ಒಳ್ಳೆಯ ಪೆಟ್ಟಿಗೆ. ಸ್ಪಾಟಿಫೈ ಇದ್ದವರಿಗೆ, ಐಫೋನ್ ಇದ್ದವರಿಗೆ ನಾನೂ ಅದನ್ನೇ ಹೇಳುತ್ತೇನೆ. ಸ್ಪಾಟಿಫೈ ಆದರೆ ಹಾಡನ್ನು ಪೆಟ್ಟಿಗೆಯೇ ನೇರ ನೆಟ್‌ನಿಂದ ತೆಗೆದುಕೊಳ್ಳುತ್ತದೆ, ಫೋನ್ ಬರೀ ರಿಮೋಟ್. ಕಾಲ್ ಬಂದರೂ ಹಾಡು ನಿಲ್ಲುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಕೇಳುವುದು ಯೂಟ್ಯೂಬ್ ಮತ್ತು ಪೆನ್‌ಡ್ರೈವ್. ಯೂಟ್ಯೂಬಿನವರ ಆ್ಯಪ್‌ಗಳು ಇಂಥ ಪೆಟ್ಟಿಗೆಗಳಿಗೆ ಹಾಡು ಕಳಿಸುವುದು ಹೆಚ್ಚಾಗಿ ಕ್ರೋಮ್‌ಕಾಸ್ಟ್ ಎಂಬ ಗೂಗಲ್‌ನ ದಾರಿಯಲ್ಲಿ. ವಿಮ್ ಮಿನಿಯಲ್ಲಿ ಕ್ರೋಮ್‌ಕಾಸ್ಟ್ ಇಲ್ಲ. ಅದರ ಮೇಲಿನ ವಿಮ್ ಪ್ರೋದಲ್ಲಿ ಇದೆ, ಆದರೆ ಅದಕ್ಕೆ ಹಾಡು ಕಳಿಸುವುದು ಯೂಟ್ಯೂಬ್ ಮ್ಯೂಸಿಕ್ ಆ್ಯಪ್, ಮಾಮೂಲಿ ಯೂಟ್ಯೂಬ್ ಅಲ್ಲ. ಬೆಲೆಯೂ ನಿಮ್ಮ ಬಜೆಟ್ಟನ್ನು ಚೆನ್ನಾಗಿಯೇ ದಾಟುತ್ತದೆ. ಎರಡಕ್ಕೂ ಪೆನ್‌ಡ್ರೈವ್ ಚುಚ್ಚಿ ಕೇಳುವಂತಿಲ್ಲ. ರೌಟರ್‌ಗೋ ಕಂಪ್ಯೂಟರ್‌ಗೋ ಚುಚ್ಚಿ ನೆಟ್‌ವರ್ಕ್ ಮೂಲಕ ಕೊಡಬೇಕು. ಅಂದರೆ ಮಿನಿ ತಂದರೆ ನಿಮ್ಮ ಪತ್ನಿ ಮತ್ತೆ ಬ್ಲೂಟೂತ್‌ಗೇ ಬರುತ್ತಾರೆ, ನೀವು ಮತ್ತೆ ಹುಡುಗನನ್ನೇ ಕರೆಯುತ್ತೀರಿ.

ಪೈ ನಿಮ್ಮ ಪೆನ್‌ಡ್ರೈವಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಯೂಟ್ಯೂಬಿಗೆ ಅಲ್ಲ. ವಾಲ್ಯೂಮಿಯೋದಲ್ಲಿ ಅದಕ್ಕೊಂದು ಪ್ಲಗಿನ್ ಇದೆ, ಅಧಿಕೃತವಲ್ಲ. ಯೂಟ್ಯೂಬಿನವರು ಒಳಗೆ ಏನಾದರೂ ಬದಲಿಸಿದರೆ ಕೆಡಬಹುದು. ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ ಅದನ್ನು ಸರಿಮಾಡುವವರು ಯಾರು? ನಾವೇ ಮಾಡಿದ ಸ್ಟ್ರೀಮರ್‌ನ ದೊಡ್ಡ ಅಪಾಯ ನನ್ನ ಪ್ರಕಾರ ಇದೇ. ಮಾಡಿದವರು ಮನೆಯಲ್ಲಿಲ್ಲದ ದಿನ ಅದು ಕೆಡುತ್ತದೆ.

ಕೊಂಡ ಪೆಟ್ಟಿಗೆಗೂ ಅದರದ್ದೇ ಅಪಾಯ ಇದೆ. ಗೂಗಲ್ 2015ರಲ್ಲಿ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಪುಟ್ಟ ಸ್ಟ್ರೀಮರ್ ತಂದಿತ್ತು. 2019ರಲ್ಲಿ ಅದನ್ನು ನಿಲ್ಲಿಸಿದರು. ಸೆಕೆಂಡ್‌ಹ್ಯಾಂಡ್ ಈಗಲೂ ಅಲ್ಲಲ್ಲಿ ಸಿಗುತ್ತದೆ. 2025ರ ಮಾರ್ಚ್‌ನಲ್ಲಿ ಅದರೊಳಗಿನ ಡಿಜಿಟಲ್ ಸರ್ಟಿಫಿಕೇಟ್‌ನ ಅವಧಿ ಮುಗಿದು ಒಂದೇ ದಿನ ಎಲ್ಲೆಡೆ ಕೈಕೊಟ್ಟಿತು, ಆಮೇಲೆ ಗೂಗಲ್ ಸರಿಪಡಿಸಿತು. ಇನ್ನೊಂದು ಕಡೆ ಲಾಜಿಟೆಕ್ 2012ರಲ್ಲಿ ಕೈಬಿಟ್ಟ ಸ್ಕ್ವೀಜ್‌ಬಾಕ್ಸ್ ಎಂಬ ಸ್ಟ್ರೀಮರ್ ಇದೆ. ಅದರ ಸಾಫ್ಟ್‌ವೇರನ್ನು ಆಸಕ್ತರೇ ಲಿರಿಯಾನ್ ಎಂಬ ಹೆಸರಿನಲ್ಲಿ ಇವತ್ತಿಗೂ ನಡೆಸುತ್ತಿದ್ದಾರೆ. ಪೈಕೋರ್‌ಪ್ಲೇಯರ್ ಮಾತಾಡುವುದು ಅದರ ಜೊತೆಗೇ.

ಹಾಗಾದರೆ ನಿಮಗೆ ನಾನು ಹೇಳುವುದೇನು? ನಿಮ್ಮ ಮೇಜಿನ ಮೇಲೆ ಈಗಾಗಲೇ ಒಂದು ಸ್ಟ್ರೀಮರ್ ಇದೆ. ಟಿವಿ. ಅದರಲ್ಲಿ ಯೂಟ್ಯೂಬ್ ಇದೆ, ಪೆನ್‌ಡ್ರೈವಿಗೆ ಜಾಗ ಇದೆ, ರಿಮೋಟ್ ಇದೆ, ನಿಮ್ಮ ಪತ್ನಿಗೆ ಬಳಸಿ ಗೊತ್ತಿದೆ. ಅದರ ಬೆನ್ನಿಗೆ ಟಾರ್ಚ್ ಹಾಕಿ ನೋಡಿ. 'ಆಪ್ಟಿಕಲ್' ಎಂದು ಬರೆದ ಚೌಕದ ತೂತು ಇರಬೇಕು. ಅದಕ್ಕೆ ಒಂದು ಆಪ್ಟಿಕಲ್ ಕೇಬಲ್, ಇನ್ನೊಂದು ತುದಿಗೆ ಆಪ್ಟಿಕಲ್‌ನಿಂದ ಆರ್‌ಸಿಎಗೆ (ಆಂಪ್‌ನ ಹಿಂದಿನ ಕೆಂಪು-ಬಿಳಿ ದುಂಡು ತೂತಿಗೆ) ತಿರುಗಿಸುವ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಡ್ಯಾಕ್, ಅಲ್ಲಿಂದ ಆಂಪ್‌ನ ಆಕ್ಸ್ ಅಥವಾ ಟೇಪ್ ಇನ್‌ಗೆ. ಫೋನೋ ಎಂದಿರುವ ಕಡೆಗೆ ಹಾಕಬೇಡಿ, ಅದು ರೆಕಾರ್ಡ್ ಪ್ಲೇಯರ್‌ಗೆ ಇರುವುದು, ಕರ್ಕಶವಾಗಿ ಒಡೆದು ಕೇಳುತ್ತದೆ. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು ಪಿಸಿಎಂ ಎಂದು ಇಡಿ. ಡಾಲ್ಬಿ ಎಂದಿದ್ದರೆ ಈ ಪುಟ್ಟ ಪೆಟ್ಟಿಗೆಗಳಿಗೆ ಅರ್ಥವಾಗುವುದಿಲ್ಲ, ಸದ್ದೇ ಬರುವುದಿಲ್ಲ. ಆಪ್ಟಿಕಲ್ ಕೇಬಲ್‌ನಲ್ಲಿ ಹೋಗುವುದು ಬೆಳಕು, ಕರೆಂಟ್ ಅಲ್ಲ. ಹಾಗಾಗಿ ಟಿವಿ ಕಡೆಯ ಗುಂಯ್ ಅದನ್ನು ದಾಟಿ ಬರುವುದಿಲ್ಲ. ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯುತ್ತದೆ.

ಕೊರತೆ ಇಲ್ಲ ಅನ್ನುವುದಿಲ್ಲ. ತಾಳಮದ್ದಳೆ ಕೇಳಲು ಟಿವಿ ಉರಿಯುತ್ತಿರಬೇಕು. ಕೆಲವು ಟಿವಿಗಳಲ್ಲಿ ಸೌಂಡ್ ಮಾತ್ರ ಇಟ್ಟು ಪರದೆ ಆರಿಸಬಹುದು, ಮೆನುವಿನಲ್ಲಿ ಹುಡುಕಿ. ಆಪ್ಟಿಕಲ್‌ನಲ್ಲಿ ಟಿವಿ ರಿಮೋಟಿನ ವಾಲ್ಯೂಮ್ ಹೆಚ್ಚಾಗಿ ಕೆಲಸ ಮಾಡುವುದಿಲ್ಲ, ಎದ್ದು ಆಂಪ್‌ನ ಗುಂಡಿಯನ್ನೇ ತಿರುಗಿಸಬೇಕು. ಮತ್ತೆ, 400 ಕ್ಯಾಸೆಟ್ ಅಂದರೆ ಎರಡೆರಡು ಬದಿಯಂತೆ 800 ಫೈಲ್. ಟಿವಿ ರಿಮೋಟಿನಲ್ಲಿ ಅಷ್ಟನ್ನು ಜಾಲಾಡುವುದು ಬೇಸರದ ಕೆಲಸ. ಪ್ರಸಂಗಕ್ಕೊಂದು ಫೋಲ್ಡರ್ ಮಾಡಿ. ಫೈಲ್ ಹೆಸರುಗಳನ್ನು ಯಾರಾದರೂ ಹಳೇ ನುಡಿ, ಬರಹ ಫಾಂಟಿನಲ್ಲಿ ಹೊಡೆದಿದ್ದರೆ ಟಿವಿಯಲ್ಲೂ ಪೈಯಲ್ಲೂ ಅವು ಚಿತ್ರಲಿಪಿಯಂತೆ ಕಾಣುತ್ತವೆ. ಯೂನಿಕೋಡ್‌ಗೆ ಬದಲಿಸಲು ಆ ಹುಡುಗನಿಗೇ ಹೇಳಿ. ಅವನಿಗೆ ಅದು ಒಂದು ಸಂಜೆಯ ಕೆಲಸ.

ಎರಡು ತಿಂಗಳು ಹೀಗೆ ಕೇಳಿ. ಯೂಟ್ಯೂಬಿಗೆ ಟಿವಿ ಹಿಡಿಸಿತು, ತಾಳಮದ್ದಳೆಗೆ ಮಾತ್ರ ಹಿಡಿಸಲಿಲ್ಲ ಅನ್ನಿಸಿದರೆ ಆಗ ಪೈಗೆ ಆ 500 ರೂಪಾಯಿಯ ಬೋರ್ಡ್ ಹಾಕಿಸಿ, ಪೈಕೋರ್‌ಪ್ಲೇಯರ್ ಏರಿಸಿ, ಆಂಪ್‌ನ ಇನ್ನೊಂದು ಇನ್‌ಪುಟ್‌ಗೆ ಕೊಡಿ. ಪೈ ಈಗಾಗಲೇ ನಿಮ್ಮಲ್ಲಿದೆ, ಸತ್ತಿರುವುದು ಕಾರ್ಡ್ ಮಾತ್ರ ಇರಬಹುದು. ಹೊಸ ಕಾರ್ಡ್ ಹಾಕಿ ನೋಡಿ. ಆಕಾಶವಾಣಿಗೆ? ಎಫ್‌ಎಂ ಚೆನ್ನಾಗಿ ಸಿಗುವ ಮನೆಯಲ್ಲಿ ಅಡುಗೆಮನೆಯ ರೇಡಿಯೋವನ್ನು ಮೀರಿಸುವ ಸ್ಟ್ರೀಮರ್ ಇನ್ನೂ ಬಂದಿಲ್ಲ. ಗುಂಡಿ ತಿರುಗಿಸಿದರೆ ವಾರ್ತೆ.

ಮುರಕಲ್ಲಿನ ಗೋಡೆ ಅಂದಿರಿ. ಆ ದಪ್ಪದ ಗೋಡೆ 5 ಗಿಗಾಹರ್ಟ್ಸ್ ವೈಫೈಯನ್ನು ಚೆನ್ನಾಗಿ ತಿನ್ನುತ್ತದೆ. ರೌಟರ್ ಬೇರೆ ಕೋಣೆಯಲ್ಲಿದ್ದರೆ ಟಿವಿಯನ್ನೂ ಪೈಯನ್ನೂ 2.4 ಗಿಗಾಹರ್ಟ್ಸ್‌ಗೆ ಕೂಡಿಸಿ. ಅದು ನಿಧಾನ, ಆದರೆ ಗೋಡೆ ದಾಟುತ್ತದೆ. ಹಾಡಿಗೆ ಬೇಕಾದ ವೇಗ ಬಹಳ ಕಡಿಮೆ.

ಸಿಡಿಲಿನ ಬಗ್ಗೆ ಹೇಳದೆ ಬಿಟ್ಟರೆ ನನಗೆ ಸಮಾಧಾನವಿಲ್ಲ. ಮೇ ತಿಂಗಳ ಮೊದಲ ಮಳೆ ಮತ್ತು ಅಕ್ಟೋಬರಿನ ಸಂಜೆಗಳು ಕಳೆದ ಮೇಲೆ ನನ್ನ ಬೆಂಚು ತುಂಬುತ್ತದೆ. ಒಮ್ಮೆ ಒಬ್ಬರು ಆಂಪ್‌ನ ಪ್ಲಗ್ ಕಿತ್ತು ಜಾಣತನ ಮಾಡಿದ್ದರು. ಟಿವಿಗೆ ಬರುವ ಕೇಬಲ್ ವೈರ್ ಮಾತ್ರ ಹಾಗೇ ಬಿಟ್ಟಿದ್ದರು. ಟಿವಿಯ ಎಚ್‌ಡಿಎಂಐ ಸುಟ್ಟು, ಅದಕ್ಕೆ ಚುಚ್ಚಿದ್ದ ಪೆಟ್ಟಿಗೆ ಸುಟ್ಟು, ಅಲ್ಲಿಂದ ವೈರ್ ಹಿಡಿದು ಆಂಪ್‌ನ ಇನ್‌ಪುಟ್ ತನಕ ಬಂದಿತ್ತು. ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ಗೂ ಕೀಳಿ, ಹೊರಗಿನಿಂದ ಬರುವ ತಾಮ್ರದ ವೈರೂ ಕೀಳಿ. ಇಂಟರ್ನೆಟ್‌ನ ಫೈಬರ್ ಗಾಜಿನದ್ದು, ಅದರಲ್ಲಿ ಸಿಡಿಲು ಬರುವುದಿಲ್ಲ. ಅದರ ಮೋಡೆಮ್‌ನ ಅಡಾಪ್ಟರ್ ಮೂಲಕ ಬರುತ್ತದೆ.

ಕಡಲ ಗಾಳಿಗೆ ಆರ್‌ಸಿಎ ತೂತುಗಳು ಕಿಲುಬು ಹಿಡಿಯುತ್ತವೆ. ಒಂದು ಕಡೆಯ ಸ್ಪೀಕರ್ ಆಗಾಗ ಮಂಕಾದರೆ ಮೊದಲು ಅದನ್ನು ಅನುಮಾನಿಸಿ. ನವರಾತ್ರಿಯ ಆಯುಧಪೂಜೆಗೆ ಹೇಗೂ ಎಲ್ಲ ಒರೆಸುತ್ತೀರಲ್ಲ, ಆಗ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಪಿನ್‌ಗಳನ್ನೂ ಒರೆಸಿ, ಒಣಗಿದ ಮೇಲೆ ಚುಚ್ಚಿ. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆ ಆಂಪ್ ಆನ್ ಮಾಡಿದರೆ ಒಳಗೆ ಬೆಚ್ಚಗಾಗಿ ತೇವ ಆರುತ್ತದೆ. ಅದಕ್ಕೆ ಒಂದು ಪ್ರಸಂಗ ಕೇಳಿದರಾಯಿತು.

ಕೊನೆಗೊಂದು, ನೀವು ಕೇಳದೆ ಇದ್ದದ್ದು. 400 ಕ್ಯಾಸೆಟ್, 90 ನಿಮಿಷದ್ದು ಅಂತಿಟ್ಟುಕೊಂಡರೆ 600 ಗಂಟೆ. 128 ಕೆಬಿಪಿಎಸ್ ಎಂಪಿ3ಯಲ್ಲಿ ಗಂಟೆಗೆ ಸುಮಾರು 58 ಎಂಬಿ, ಒಟ್ಟು 35 ಜಿಬಿ. 64 ಜಿಬಿಯ ಇನ್ನೊಂದು ಪೆನ್‌ಡ್ರೈವಿನಲ್ಲಿ ಆರಾಮಾಗಿ ಹಿಡಿಸುತ್ತದೆ. ಈ ವಾರವೇ ನಕಲು ಮಾಡಿ ತಂಗಿಯ ಮನೆಯಲ್ಲಿಡಿ. ಟಿವಿಗೆ ಚುಚ್ಚುವುದು ನಕಲನ್ನೇ ಆಗಲಿ. ಕ್ಯಾಸೆಟ್‌ಗಳನ್ನು ಗುಜರಿಗೆ ಹಾಕಬೇಡಿ. ಮುಂದೆ ಯಾರಾದರೂ ಇದಕ್ಕಿಂತ ಒಳ್ಳೆಯ ಡೆಕ್‌ನಲ್ಲಿ ಮತ್ತೊಮ್ಮೆ ಇಳಿಸಿಕೊಡಬಹುದು.